ರಸ್ತೆ ಬಂತು, ಬೆಲೆ ಮಾತ್ರ ಬರಲಿಲ್ಲ. ಯಾಕೆ?

ಪ್ರಶ್ನೆ: ನಮ್ಮ ಹಳ್ಳಿಗೆ ಡಾಂಬರು ರಸ್ತೆ ಆಗಿ ಆರು ವರ್ಷವಾಯಿತು. ರಸ್ತೆ ಆದರೆ ಬೆಳೆಗೆ ಒಳ್ಳೆ ಬೆಲೆ ಸಿಗುತ್ತದೆ, ಊರು ಉದ್ಧಾರವಾಗುತ್ತದೆ ಅಂತ ಎಲ್ಲರೂ ಹೇಳಿದ್ದರು. ಓಡಾಟ ಸಲೀಸಾಗಿದೆ, ಅದು ನಿಜ. ಆದರೆ ತರಕಾರಿಗೆ ವ್ಯಾಪಾರಿ ಕೊಡುವ ದರ ಅಷ್ಟೇನೂ ಬದಲಾಗಿಲ್ಲ. ಹುಡುಗರು ಬೈಕ್ ಹತ್ತಿ ಪೇಟೆಯ ಕೆಲಸಕ್ಕೆ ಹೋಗುತ್ತಾರೆ, ಹೊಲಕ್ಕೆ ಆಳು ಸಿಗುತ್ತಿಲ್ಲ. ಈಗ ಹತ್ತಿರದಲ್ಲೇ ದೊಡ್ಡ ಹೆದ್ದಾರಿ ಬರುತ್ತದಂತೆ. ರಸ್ತೆಯಿಂದ ರೈತನಿಗೆ ನಿಜಕ್ಕೂ ಲಾಭ ಇದೆಯಾ? ನಾವು ಏನು ಕೇಳಬೇಕು?

ಉತ್ತರ: ನಿಮ್ಮ ಊರಿನಲ್ಲಿ ಮಾತ್ರ ಏನೋ ಎಡವಟ್ಟಾಗಿದೆ ಅಂದುಕೊಳ್ಳಬೇಡಿ. ಬೆಲೆ ಏರಲಿಲ್ಲ, ಆಳು ಹೋದರು ಅಂತ ನೀವು ಬರೆದಿದ್ದೀರಲ್ಲ, ಸಾವಿರಾರು ಹಳ್ಳಿಗಳ ಲೆಕ್ಕ ಹಾಕಿದವರಿಗೂ ಹೆಚ್ಚುಕಡಿಮೆ ಅದೇ ಕಂಡಿದೆ.

ಭಾರತದಲ್ಲಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್‌ನಲ್ಲಿ. ರಸ್ತೆ ಯಾರಿಗೆ ಮೊದಲು ಅನ್ನುವುದಕ್ಕೆ ಜನಸಂಖ್ಯೆಯ ಗೆರೆ ಹಾಕಿದ್ದರು. ಮೊದಲು 1000 ಜನಕ್ಕಿಂತ ದೊಡ್ಡ ಊರು, ಆಮೇಲೆ 500, ಗುಡ್ಡಗಾಡು ಮತ್ತು ಮರುಭೂಮಿಯ ಕಡೆ 250. ಈ ಗೆರೆ ಸಂಶೋಧಕರಿಗೆ ವರವಾಯಿತು. 510 ಜನರ ಊರಿಗೂ 490 ಜನರ ಊರಿಗೂ ಬೇರೆ ಏನು ವ್ಯತ್ಯಾಸ ಇರುತ್ತದೆ? ಏನೂ ಇಲ್ಲ. ಆದರೆ ಒಂದಕ್ಕೆ ರಸ್ತೆ ಬರುವ ಸಾಧ್ಯತೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಅರ್ಥಶಾಸ್ತ್ರಜ್ಞರಾದ ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ ಇಂಥ ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. 2020ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ರಸ್ತೆ ಆಗಿ ನಾಲ್ಕು ವರ್ಷದ ನಂತರ ಬೆಳೆಯ ಇಳುವರಿ, ಮನೆಯ ಆಸ್ತಿ, ಖರ್ಚುವೆಚ್ಚ ಯಾವುದರಲ್ಲೂ ದೊಡ್ಡ ಬದಲಾವಣೆ ಕಾಣಲಿಲ್ಲ. ಕಂಡ ಒಂದೇ ದೊಡ್ಡ ಬದಲಾವಣೆ ಅಂದರೆ ಜನ ಹೊಲ ಬಿಟ್ಟು ಊರಾಚೆಯ ಕೂಲಿಗೆ ಹೋದದ್ದು. ದುಡಿಯುವವರಲ್ಲಿ ಕೃಷಿಯನ್ನು ನಂಬಿದವರ ಪಾಲು ಸುಮಾರು 9 ಶೇಕಡಾ ಅಂಶದಷ್ಟು ಇಳಿಯಿತು.

ಹಾಗಂತ ರಸ್ತೆ ದಂಡ ಅಂತಲ್ಲ. ಅದು ಸರಾಸರಿಯ ಮಾತು. ಸರಾಸರಿಯಲ್ಲಿ ಪೇಟೆಯ ಪಕ್ಕದ ಊರೂ ಇರುತ್ತದೆ, ಮೂರು ಹಳ್ಳ ದಾಟಿ ಹೋಗಬೇಕಾದ ಊರೂ ಇರುತ್ತದೆ. ಅದೇ ಯೋಜನೆಯನ್ನು ನೋಡಿದ ಬೇರೆಯವರಿಗೆ ಇನ್ನೊಂದು ಮುಖ ಕಂಡಿದೆ. ದೂರದ ಊರುಗಳಲ್ಲಿ ರೈತರು ಗೊಬ್ಬರ, ಹೈಬ್ರಿಡ್ ಬೀಜ ಹೆಚ್ಚು ಬಳಸತೊಡಗಿದರು, ಒಂದೇ ಬೆಳೆ ಬಿಟ್ಟು ಎರಡು ಮೂರು ಬೆಳೆಗೆ ಹೋದರು. ಅಂದರೆ ರಸ್ತೆ ಏನೋ ಮಾಡುತ್ತದೆ. ಆದರೆ ಅದು ಎಲ್ಲಿ, ಯಾರಿಗೆ ಅನ್ನುವುದು ಡಾಂಬರಿನಲ್ಲಿ ಬರೆದಿರುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಿ ಲೆಕ್ಕ ನೋಡೋಣ. ಹೊಲದ ಬಳಿ ನಿಮಗೆ ಸಿಗುವ ಬೆಲೆ ಅಂದರೆ ಪೇಟೆಯ ಬೆಲೆಯಿಂದ ಅಲ್ಲಿಗೆ ತಲುಪಿಸುವ ಖರ್ಚನ್ನು ಕಳೆದರೆ ಉಳಿಯುವುದು. ಇದನ್ನು ಮೊದಲು ಅಚ್ಚುಕಟ್ಟಾಗಿ ಹೇಳಿದವರು ಜರ್ಮನಿಯ ಫಾನ್ ಟ್ಯೂನೆನ್. ಅವರು ಪ್ರಾಧ್ಯಾಪಕರಲ್ಲ, ಸ್ವಂತ ಜಮೀನು ಮಾಡಿಸುತ್ತಿದ್ದವರು. ದಿನದಿನದ ಲೆಕ್ಕ ಬರೆದಿಟ್ಟು 1826ರಲ್ಲಿ ಒಂದು ಚಿತ್ರ ಕೊಟ್ಟರು. ಪಟ್ಟಣದ ಸುತ್ತ ಬಳೆ ಬಳೆಯಾಗಿ ಬೆಳೆಗಳು ಹರಡಿಕೊಳ್ಳುತ್ತವೆ. ಒಳಗಿನ ಬಳೆಯಲ್ಲಿ ಹಾಲು ಮತ್ತು ತರಕಾರಿ, ಯಾಕೆಂದರೆ ಅವು ಕೆಡುತ್ತವೆ. ಅದರಾಚೆ ಸೌದೆಯ ಕಾಡು, ಯಾಕೆಂದರೆ ಸೌದೆ ಭಾರ. ಅದರಾಚೆ ಧಾನ್ಯ. ಎಲ್ಲಕ್ಕಿಂತ ಹೊರಗೆ ದನಕರು, ಯಾಕೆಂದರೆ ದನ ತನ್ನ ಕಾಲ ಮೇಲೇ ನಡೆದು ಬರುತ್ತದೆ, ಅದಕ್ಕೆ ಬಾಡಿಗೆ ಬೇಡ. ಗಾಡಿ ಎಳೆಯುವ ಪ್ರಾಣಿಗಳು ದಾರಿಯಲ್ಲಿ ತಿನ್ನುವ ಧಾನ್ಯವನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು. ತುಂಬಾ ದೂರ ಹೋದರೆ ಹೊತ್ತ ಧಾನ್ಯವನ್ನೆಲ್ಲ ಅವೇ ತಿಂದು ಮುಗಿಸುತ್ತವೆ! ಇವತ್ತು ಆ ಧಾನ್ಯದ ಜಾಗದಲ್ಲಿ ಡೀಸೆಲ್ ಇದೆ, ಅಷ್ಟೇ.

ಈ ಲೆಕ್ಕದ ಪ್ರಕಾರ ರಸ್ತೆ ಆದರೆ ಕಳೆಯುವ ಭಾಗ ಸಣ್ಣದಾಗಬೇಕು, ನಿಮ್ಮ ಕೈಗೆ ಬರುವುದು ದೊಡ್ಡದಾಗಬೇಕು. ಪೇಟೆಯಲ್ಲಿ 100ಕ್ಕೆ ಹೋಗುವ ಸರಕು ಹೊಲದಲ್ಲಿ 60ಕ್ಕೆ ಹೋಗುತ್ತಿತ್ತು ಅಂತ ಇಟ್ಟುಕೊಳ್ಳಿ. ರಸ್ತೆಯಿಂದ 10 ಉಳಿಯಿತು. ಈ ಹತ್ತು ಯಾರ ಜೇಬಿಗೆ? ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ಊರಿಗೆ ಬರುವ ವ್ಯಾಪಾರಿ ಒಬ್ಬನೇ ಆದರೆ, ಅವನು 60 ಕೊಡುತ್ತಿದ್ದವನು ಸುಮ್ನೆ 70 ಯಾಕೆ ಕೊಡುತ್ತಾನೆ? ಕೊಡಲ್ಲ. ಹೆಚ್ಚೆಂದರೆ 62 ಅನ್ನುತ್ತಾನೆ. ಇನ್ನೂ ಮೂರು ಜನ ಬಂದು ಗದ್ದೆಯ ಬದುವಿನಲ್ಲಿ ನಿಂತರೆ ಮಾತ್ರ ದರ ಮೇಲೆ ಹೋಗುತ್ತದೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟ್ಕಿನ್ ಮತ್ತು ಡೇವ್ ಡೊನಾಲ್ಡ್‌ಸನ್ ಇಥಿಯೋಪಿಯಾ ಮತ್ತು ನೈಜೀರಿಯಾದ ಬೆಲೆಗಳನ್ನು ನೋಡಿ ಹೇಳಿದ್ದೂ ಇದನ್ನೇ. ಅಲ್ಲಿ ದೇಶದೊಳಗೆ ಸರಕು ಸಾಗಿಸುವ ಖರ್ಚು ದೂರಕ್ಕೆ ತಕ್ಕಂತೆ ಏರುವ ವೇಗ ಅಮೆರಿಕಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ. ಊರು ದೂರ ಆದಷ್ಟೂ ಲಾಭದಲ್ಲಿ ಮಧ್ಯದವರ ಪಾಲು ದೊಡ್ಡದಾಗುತ್ತದೆ.

ಲಾರಿ ಬಾಡಿಗೆಯಲ್ಲೂ ಇದೇ ಕಥೆ. ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಕೆಲವು ದೇಶಗಳಲ್ಲಿ ಲಾರಿಗಳಿಗೆ ಸರದಿ ಪದ್ಧತಿ ಇದೆ. ಸರಕು ಯಾರದೇ ಇರಲಿ, ಸರದಿಯಲ್ಲಿ ಮುಂದಿರುವ ಲಾರಿಯೇ ತುಂಬಿಸಿಕೊಳ್ಳಬೇಕು. ಅಲ್ಲಿ ರಸ್ತೆ ನುಣ್ಣಗಾದರೆ ಲಾರಿಯವರ ಟೈರು, ಡೀಸೆಲ್ ಖರ್ಚು ಇಳಿಯುತ್ತದೆ, ಬಾಡಿಗೆ ಇಳಿಯಲ್ಲ. ಇದನ್ನು ವಿಶ್ವ ಬ್ಯಾಂಕ್‌ನವರೇ ಅಧ್ಯಯನ ಮಾಡಿ ಒಪ್ಪಿಕೊಂಡಿದ್ದಾರೆ. ರಸ್ತೆಗೆ ಸಾಲ ಕೊಟ್ಟವರೇ ಹೀಗಂದರೆ ಕೇಳಬೇಕಾದ ಮಾತೇ, ಅಲ್ವಾ?

ನೀವು ಬಾಡಿಗೆಗೆ ಕರೆಯುವ ಟೆಂಪೋವನ್ನೇ ಹತ್ತಿರದಿಂದ ನೋಡಿ. ಅದರ ಬಾಡಿಗೆಯಲ್ಲಿ ಕಿಲೋಮೀಟರ್ ಲೆಕ್ಕದ ಡೀಸೆಲ್ ಒಂದು ಭಾಗ ಮಾತ್ರ. ತುಂಬುವವರೆಗೆ ಹೊಲದ ಬಳಿ ಕಾಯುವುದು, ಮಾರುಕಟ್ಟೆಯ ಗೇಟಿನಲ್ಲಿ ಸಾಲು ನಿಲ್ಲುವುದು, ಇಳಿಸುವ ಹಮಾಲರಿಗಾಗಿ ಕಾಯುವುದು, ವಾಪಸ್ ಖಾಲಿ ಬರುವುದು ಎಲ್ಲವೂ ಅದರೊಳಗಿದೆ. ಖಾಲಿ ವಾಪಸಾತಿ ಅಂದರೆ ಹೋಗುವ ಸರಕೇ ಎರಡೂ ಕಡೆಯ ಬಾಡಿಗೆ ಕಟ್ಟಬೇಕು. ರಿಟರ್ನ್ ಲೋಡ್ ಸಿಗುವ ದಾರಿಯಲ್ಲಿ ಬಾಡಿಗೆ ಕಡಿಮೆ, ಸಿಗದ ದಾರಿಯಲ್ಲಿ ಜಾಸ್ತಿ. ರಸ್ತೆ ಚೆನ್ನಾಗಿದ್ದರೂ ಅಷ್ಟೇ. ಹೊಸ ರಸ್ತೆ ದಾರಿಯಲ್ಲಿ ಅರ್ಧ ಗಂಟೆ ಉಳಿಸಿತು, ಗೇಟಿನಲ್ಲಿ ಮೂರು ಗಂಟೆ ಹೋಯಿತು ಅಂದರೆ ಟೆಂಪೋದವನು ದಿನಕ್ಕೆ ಎರಡನೇ ಟ್ರಿಪ್ ಹೊಡೆಯಲಾರ. ಎರಡನೇ ಟ್ರಿಪ್ ಇಲ್ಲ ಅಂದರೆ ಬಾಡಿಗೆ ಇಳಿಯುವ ಮಾತೇ ಇಲ್ಲ.

ಸಣ್ಣ ರೈತನಿಗೆ ಇನ್ನೊಂದು ತೊಡಕು. ಅವನ ಬಳಿ ಇರುವುದು ಎಂಟೋ ಹತ್ತೋ ಕ್ರೇಟು. ಗಾಡಿ ತುಂಬಬೇಕಾದರೆ ನೂರು ಬೇಕು. ರಸ್ತೆ ಇದ್ದರೂ ಅವನು ಒಬ್ಬನೇ ಪೇಟೆಗೆ ಹೋಗಲಾರ. ಕೊನೆಗೆ ಅದೇ ವ್ಯಾಪಾರಿಗೆ ಕೊಡುತ್ತಾನೆ. ಗಾಡಿ ಇಟ್ಟುಕೊಂಡವನು, ನಾಲ್ಕು ಜನರ ಮಾಲು ಸೇರಿಸುವವನು, ಪೇಟೆಯ ದರವನ್ನು ಬೆಳಗ್ಗೆಯೇ ತಿಳಿದುಕೊಳ್ಳುವವನು, ಆ ಹತ್ತರಲ್ಲಿ ದೊಡ್ಡ ಪಾಲು ಇವರಿಗೆ ಹೋಗುತ್ತದೆ.

ಹಣದ ಲೆಕ್ಕ ಇಷ್ಟಾಯಿತು. ಆದರೆ ಹಣ್ಣು ತರಕಾರಿಗೆ ದೂರಕ್ಕಿಂತ ದೊಡ್ಡ ಶತ್ರುಗಳು ಎರಡಿವೆ: ಹೊತ್ತು ಮತ್ತು ಕುಲುಕಾಟ.

ಗೋಣಿಚೀಲದಲ್ಲಿ ತುಂಬಿದ ಟೊಮೆಟೊ ಗಾಡಿ ಹತ್ತಿದ್ದನ್ನು ನೆನೆಸಿಕೊಳ್ಳಿ. ಒಂದರ ಮೇಲೆ ಒಂದು ನಾಲ್ಕು ಚೀಲ. ಅಡಿಯ ಚೀಲದ ಮೇಲೆ ಮೂರು ಚೀಲದ ಭಾರ. ಕಚ್ಚಾ ರಸ್ತೆಯಲ್ಲಿ ಅಲೆ ಅಲೆಯಾಗಿ ಎದ್ದ ಗೀರುಗಳ ಮೇಲೆ ಚಕ್ರ ಹೋದಾಗ ಇಡೀ ರಾಶಿ ಸಣ್ಣಗೆ ನಡುಗುತ್ತಲೇ ಇರುತ್ತದೆ. ಹಣ್ಣು ಹಣ್ಣಿಗೆ ಉಜ್ಜುತ್ತದೆ. ಸಿಪ್ಪೆ ಮೇಲೆ ಕಾಣದಷ್ಟು ಸಣ್ಣ ಗಾಯ. ಗಾಡಿ ಇಳಿಸುವಾಗ ಚೀಲದ ಬುಡ ಒದ್ದೆಯಾಗಿರುತ್ತದೆ. ಒಂದು ಹಣ್ಣು ಒಡೆದರೆ ಅದರ ರಸ ಸುತ್ತಲಿನ ಹತ್ತು ಹಣ್ಣಿಗೆ ತಾಕುತ್ತದೆ, ಮಾರನೇ ದಿನ ಅವಕ್ಕೂ ಬೂಸ್ಟು. ವ್ಯಾಪಾರಿ ಚೀಲದ ಬಾಯಿಂದಲ್ಲ, ಬುಡದಿಂದ ಕೈ ಹಾಕಿ ನೋಡಿ ದರ ಹೇಳುತ್ತಾನೆ. ಪ್ಲಾಸ್ಟಿಕ್ ಕ್ರೇಟಿನಲ್ಲಿ ತುಂಬಿದರೆ ಮೇಲಿನ ಕ್ರೇಟಿನ ಭಾರ ಕೆಳಗಿನ ಕ್ರೇಟಿನ ಗೋಡೆ ಮೇಲೆ ಬೀಳುತ್ತದೆ, ಹಣ್ಣಿನ ಮೇಲಲ್ಲ. ಕೆಲವು ಊರುಗಳಲ್ಲಿ ಒಂದು ಕಿಲೋಮೀಟರ್ ಡಾಂಬರಿಗಿಂತ ಇನ್ನೂರು ಕ್ರೇಟು ಹೆಚ್ಚು ಲಾಭ ತಂದೀತು ಅಂತ ನನಗೆ ಅನ್ನಿಸುವುದುಂಟು. ಎಂಜಿನಿಯರ್‌ಗಳ ಮುಂದೆ ಹೀಗಂದರೆ ಮುಖ ಊದಿಸಿಕೊಳ್ಳುತ್ತಾರೆ.

"ನಲವತ್ತು ಪರ್ಸೆಂಟ್ ತರಕಾರಿ ದಾರಿಯಲ್ಲೇ ಕೊಳೆಯುತ್ತದೆ" ಅನ್ನುವ ಮಾತನ್ನು ನೀವು ಭಾಷಣಗಳಲ್ಲಿ ಕೇಳಿರಬಹುದು. ಲುಧಿಯಾನಾದಲ್ಲಿರುವ ಕೇಂದ್ರ ಸರ್ಕಾರದ ಕೊಯ್ಲೋತ್ತರ ಸಂಶೋಧನಾ ಸಂಸ್ಥೆ ಭಾರತದಾದ್ಯಂತ ಅಳೆದು 2015ರಲ್ಲಿ ಕೊಟ್ಟ ಲೆಕ್ಕ ಅಷ್ಟು ದೊಡ್ಡದಲ್ಲ. ತರಕಾರಿಯಲ್ಲಿ ಬೆಳೆಯನ್ನು ನೋಡಿಕೊಂಡು ಶೇ 4.6ರಿಂದ 12.4, ಹಣ್ಣಿನಲ್ಲಿ ಶೇ 6.7ರಿಂದ 15.9. ಅದೂ ಕೊಯ್ಲು, ವಿಂಗಡಣೆ, ಸಂಗ್ರಹ ಎಲ್ಲ ಸೇರಿ. ತರಕಾರಿಯಲ್ಲಿ ಟೊಮೆಟೊದ್ದೇ ಮೇಲುಗೈ. ನಷ್ಟ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಅಂಕಿಯಲ್ಲಿ ಬರುವುದು ಎಸೆದ ಮಾಲು ಮಾತ್ರ. ಎಸೆಯದೆ ಎರಡನೇ ದರ್ಜೆ ಅಂತ ಅರ್ಧ ದರಕ್ಕೆ ಹೋದದ್ದು ಇದರಲ್ಲಿ ಸೇರುವುದಿಲ್ಲ. ರೈತನ ಜೇಬಿಗೆ ಅದೇ ಹೆಚ್ಚು ಕಚ್ಚುತ್ತದೆ.

ಹಾಲಿಗೆ ಇನ್ನೂ ಅವಸರ. ಕರೆದ ಹಾಲು ಬೆಚ್ಚಗಿರುವಾಗ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲದು. ಬೇಗ 4 ಡಿಗ್ರಿಗೆ ಇಳಿಸಬೇಕು. ದಿನಕ್ಕೆ ಎರಡು ಸಲ, ವರ್ಷವಿಡೀ, ಮಳೆಯಲ್ಲೂ ಗಾಡಿ ಬರಲೇಬೇಕು. ಹಾಗಾಗಿ ಹಳ್ಳಿಯಲ್ಲೇ ಹಾಲು ತಣ್ಣಗೆ ಮಾಡುವ ದೊಡ್ಡ ಟ್ಯಾಂಕ್ ಇಟ್ಟಾಗ ರಸ್ತೆಯ ಮೇಲಿನ ಒತ್ತಡ ಅರ್ಧ ಕಡಿಮೆಯಾಗುತ್ತದೆ. ಕಬ್ಬೂ ಅಷ್ಟೇ. ಕಡಿದ ಒಂದು ದಿನದೊಳಗೆ ಅರೆಯದಿದ್ದರೆ ತೂಕವೂ ಸಕ್ಕರೆ ಅಂಶವೂ ಇಳಿಯತೊಡಗುತ್ತವೆ. ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್‌ಗಳಲ್ಲಿ ಒಣಗುವುದು ರೈತನ ದುಡ್ಡು.

ಹೊತ್ತನ್ನೇ ನಂಬಿದ ಬೆಳೆಗೆ ದಾರಿ ಕಟ್ಟಿದರೆ ಏನಾಗುತ್ತದೆ ಅನ್ನುವುದು 2010ರ ಏಪ್ರಿಲ್‌ನಲ್ಲಿ ಕೀನ್ಯಾದಲ್ಲಿ ಕಂಡಿತು. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳು ನಿಂತವು. ಅಷ್ಟು ದೂರದ ಕೀನ್ಯಾದ ತೋಟಗಳಲ್ಲಿ ರಫ್ತಿಗೆ ಕೊಯ್ದಿಟ್ಟ ಗುಲಾಬಿ, ಬೀನ್ಸ್ ಗುಡ್ಡೆಗಟ್ಟಲೆ ತಿಪ್ಪೆ ಸೇರಿದವು. ಕೂಲಿಯವರಿಗೆ ಕೆಲಸ ಇಲ್ಲವಾಯಿತು. ಹೊಲಕ್ಕೂ ಪೇಟೆಗೂ ನಡುವಿನ ಸರಪಳಿ ಉದ್ದವಾದಷ್ಟೂ ಕೊಂಡಿಗಳು ಜಾಸ್ತಿ. ಒಂದು ಕಳಚಿದರೂ ಸಾಕು.

ಹಳ್ಳಿಯ ಮಟ್ಟಿಗೆ ಈ ಸಡಿಲ ಕೊಂಡಿ ಯಾವುದು? ಬಹುತೇಕ ಸಲ ಮೋರಿ, ಅಂದರೆ ಹಳ್ಳದ ನೀರು ರಸ್ತೆಯಡಿ ಹರಿದುಹೋಗಲು ಕಟ್ಟುವ ಸಣ್ಣ ಸೇತುವೆ. ಯಾವುದೇ ಊರಿನ ರಸ್ತೆ ನೋಡಲು ಹೋದರೆ ನಾನು ಡಾಂಬರು ನೋಡುವುದಿಲ್ಲ, ಹಳ್ಳ ದಾಟುವ ಜಾಗ ನೋಡುತ್ತೇನೆ. ಹನ್ನೊಂದು ಕಿಲೋಮೀಟರ್ ಒಳ್ಳೆ ರಸ್ತೆ, ನಡುವೆ ಒಂದು ಕಡೆ ಮಳೆಗಾಲದಲ್ಲಿ ನೀರು ಹರಿಯುವ ತಗ್ಗು. ಕೊಯ್ಲಿನ ವಾರದಲ್ಲೇ ಮಳೆ ಬಂದರೆ ಆ ಹನ್ನೊಂದು ಕಿಲೋಮೀಟರ್ ಇದ್ದೂ ಇಲ್ಲ.

ನಿಕರಾಗುವಾದಲ್ಲಿ ಇದನ್ನು ಕರಾರುವಾಕ್ಕಾಗಿ ಅಳೆದಿದ್ದಾರೆ. ಅಲ್ಲಿ ಕೆಲವು ಹಳ್ಳಿಗಳಿಗೆ ದೊಡ್ಡ ರಸ್ತೆಯಲ್ಲ, ನಡೆದು ದಾಟುವ ಕಾಲುಸೇತುವೆ ಕಟ್ಟಿದರು. ಸೇತುವೆ ಇಲ್ಲದ ಊರಿನಲ್ಲಿ ಹಠಾತ್ ಪ್ರವಾಹ ಬಂದಾಗ ಕೂಲಿ ಆದಾಯ ಶೇ 18ರಷ್ಟು ಬೀಳುತ್ತಿತ್ತು. ಸೇತುವೆ ಆದ ಊರಿನಲ್ಲಿ ಆ ಕುಸಿತವೇ ಮಾಯವಾಯಿತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಸೇತುವೆ ಆದ ಕಡೆ ಜನ ತಮ್ಮ ಹೊಲಕ್ಕೂ ಹೆಚ್ಚು ಗೊಬ್ಬರ ಹಾಕಿದರು. ಸೇತುವೆಗೂ ಗೊಬ್ಬರಕ್ಕೂ ಏನು ನಂಟು? ಬೆಳೆ ಕೈಕೊಟ್ಟರೂ ಹೊಳೆಯಾಚೆ ಕೂಲಿ ಸಿಗುತ್ತದೆ ಅನ್ನುವ ಧೈರ್ಯ. ಆ ಧೈರ್ಯ ಇದ್ದವನು ಕೈಯಲ್ಲಿನ ದುಡ್ಡನ್ನು ಮಡಿಕೆಯಲ್ಲಿ ಮುಚ್ಚಿಡದೆ ಮಣ್ಣಿಗೆ ಹಾಕುತ್ತಾನೆ.

ಬಾಂಗ್ಲಾದೇಶದ ಪದ್ಮಾ ಸೇತುವೆಯದ್ದೂ ಇದೇ ಬಗೆಯ ಕಥೆ, ಗಾತ್ರ ಮಾತ್ರ ಬೇರೆ. 6.15 ಕಿಲೋಮೀಟರ್ ಉದ್ದದ ಆ ಸೇತುವೆ 2022ರ ಜೂನ್‌ನಲ್ಲಿ ತೆರೆಯಿತು. ಅದಕ್ಕೂ ಮುಂಚೆ ನೈಋತ್ಯ ಜಿಲ್ಲೆಗಳ ತರಕಾರಿ, ಮೀನಿನ ಲಾರಿಗಳು ಢಾಕಾ ತಲುಪಲು ದೋಣಿಗೆ ಕಾಯಬೇಕಿತ್ತು. ಮಂಜು ಬಿದ್ದರೆ, ಹಬ್ಬ ಬಂದರೆ ಎಷ್ಟು ಹೊತ್ತು ಅನ್ನುವ ಖಾತ್ರಿ ಇಲ್ಲ. ವ್ಯಾಪಾರಿ ದರ ಹೇಳುವಾಗ ಸರಾಸರಿ ಹೊತ್ತನ್ನು ಲೆಕ್ಕ ಹಾಕುವುದಿಲ್ಲ, ಕೆಟ್ಟ ದಿನದ ಹೊತ್ತನ್ನು ಹಾಕುತ್ತಾನೆ. ದಿನಾ ಐದು ಗಂಟೆ ಹಿಡಿಯುವ ದಾರಿಯಾದರೂ ಪರವಾಗಿಲ್ಲ. ಒಮ್ಮೆ ಮೂರು, ಒಮ್ಮೆ ಹದಿನೈದು ಗಂಟೆಯಾಗುವ ದಾರಿಯಲ್ಲಿ ರೈತನಿಗೆ ಕಷ್ಟ ಜಾಸ್ತಿ.

ಇನ್ನು ರಸ್ತೆಯ ಎರಡು ದಿಕ್ಕಿನ ಮಾತು. ನಿಮ್ಮ ಮಾಲು ಹೋಗುವ ದಾರಿಯಲ್ಲೇ ಬೇರೆಯವರ ಮಾಲು ಬರುತ್ತದೆ. ಅಮೆರಿಕದಲ್ಲಿ 1825ರಲ್ಲಿ ಈರಿ ಕಾಲುವೆ ಮುಗಿದಾಗ ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ ಸಾಗಿಸುವ ಖರ್ಚು ಸುಮಾರು 100 ಡಾಲರಿನಿಂದ 10 ಡಾಲರ್ ಆಸುಪಾಸಿಗೆ ಇಳಿಯಿತು. ಪಶ್ಚಿಮದ ಕಪ್ಪು ಮಣ್ಣಿನ ರೈತರಿಗೆ ಸುಗ್ಗಿ. ಪೂರ್ವದ ಕಲ್ಲುಗುಡ್ಡಗಳಲ್ಲಿ ಗೋಧಿ ಬೆಳೆಯುತ್ತಿದ್ದವರು ಆ ಬೆಲೆಗೆ ನಿಲ್ಲಲಾರದೆ ಗೋಧಿ ಬಿಟ್ಟರು. ಕೆಲವರು ಹೈನು, ತರಕಾರಿಗೆ ತಿರುಗಿ ಉಳಿದರು, ಕೆಲವರು ಜಮೀನನ್ನೇ ಬಿಟ್ಟು ಹೋದರು. ಸಿಯೆರಾ ಲಿಯೋನ್‌ನಲ್ಲೂ ಹಳ್ಳಿ ರಸ್ತೆ ಸುಧಾರಿಸಿದ ಮೇಲೆ ಸಂತೆಗಳಲ್ಲಿ ಅಕ್ಕಿ, ಮರಗೆಣಸಿನ ಬೆಲೆ ಇಳಿದದ್ದು ದಾಖಲಾಗಿದೆ. ಕೊಳ್ಳುವವರಿಗೆ ಒಳ್ಳೆಯದು. ಸಣ್ಣ ರೈತರಲ್ಲಿ ಬಹಳ ಮಂದಿ ವರ್ಷದ ಅರ್ಧ ಕಾಲ ಕೊಳ್ಳುವವರೇ, ಅದನ್ನೂ ಮರೆಯಬಾರದು. ಆದರೆ ಮಾರುವುದನ್ನೇ ನಂಬಿದವನಿಗೆ ರಸ್ತೆ ಎಂದರೆ ಪೈಪೋಟಿ.

ಭಾರತದ ರೈಲಿನಲ್ಲಿ ಎರಡೂ ಮುಖ ಒಟ್ಟಿಗೆ ಕಾಣುತ್ತವೆ. ಮೊದಲ ಪ್ರಯಾಣಿಕ ರೈಲು ಓಡಿದ್ದು ಮುಂಬೈಯಿಂದ ಠಾಣೆಗೆ, 34 ಕಿಲೋಮೀಟರ್, 1853ರ ಏಪ್ರಿಲ್ 16ರಂದು. ಅಲ್ಲಿಂದ ಹಳಿ ಹರಡಿದ ಹಾಗೆ ಏನಾಯಿತು ಅಂತ ಮೇಲೆ ಹೇಳಿದ ಡೊನಾಲ್ಡ್‌ಸನ್ ಹಳೆಯ ಕಡತಗಳಿಂದ ಲೆಕ್ಕ ತೆಗೆದಿದ್ದಾರೆ. ಎತ್ತಿನ ಗಾಡಿ ದಿನಕ್ಕೆ ಮೂವತ್ತು ಕಿಲೋಮೀಟರ್ ದಾಟುವುದು ಕಷ್ಟ. ರೈಲು ಬಂದ ಜಿಲ್ಲೆಗಳಲ್ಲಿ ಕೃಷಿಯ ನಿಜ ಆದಾಯ ಶೇ 16ರಷ್ಟು ಏರಿತು, ಊರು ಊರಿನ ನಡುವಿನ ಬೆಲೆ ಅಂತರ ಕಿರಿದಾಯಿತು. ಅದೇ ರೈಲು 1876-78ರ ಮಹಾ ಕ್ಷಾಮದಲ್ಲಿ ಧಾನ್ಯವನ್ನು ಹಸಿದ ಊರಿಗೂ ತಂದಿತು, ಹಸಿದ ಊರುಗಳಿಂದ ಹೊರಗೂ ಒಯ್ದಿತು. ರಫ್ತು ನಿಲ್ಲಲಿಲ್ಲ. ಹಳಿಗೆ ಹಸಿವು ಗೊತ್ತಾಗುವುದಿಲ್ಲ, ಕೊಳ್ಳುವ ಶಕ್ತಿ ಎಲ್ಲಿದೆಯೋ ಅಲ್ಲಿಗೆ ಧಾನ್ಯ ಹರಿಯುತ್ತದೆ.

ನಿಮ್ಮ ಹುಡುಗರ ವಿಷಯಕ್ಕೆ ಬರುತ್ತೇನೆ. ಆಳು ಸಿಗುತ್ತಿಲ್ಲ ಅನ್ನುವುದು ಜಮೀನಿದ್ದವರ ನೋವು, ಒಪ್ಪುತ್ತೇನೆ. ಆದರೆ ಆ ಆಳಿನ ಮನೆಯಿಂದ ನೋಡಿದರೆ ರಸ್ತೆಯ ಅತಿ ದೊಡ್ಡ ಲಾಭ ಅದೇ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವ ಕೆಲಸ ಸಿಕ್ಕರೆ ಊರು ಬಿಡಬೇಕಾಗಿಲ್ಲ. ಪೇಟೆಯ ಕೂಲಿ ಗೊತ್ತಾದ ಮೇಲೆ ಊರಿನ ಕೂಲಿಯೂ ಏರಲೇಬೇಕು. ರಸ್ತೆಯಿಂದ ರೈತನಿಗೆ ಲಾಭವಾಯಿತಾ ಅಂತ ಕೇಳುವಾಗ ಯಾವ ರೈತ ಅಂತಲೂ ಕೇಳಬೇಕು. ಹತ್ತು ಎಕರೆಯವನಿಗೆ ಕೂಲಿ ಏರಿದರೆ ಖರ್ಚು. ಅರ್ಧ ಎಕರೆಯವನಿಗೆ ಅದೇ ಆದಾಯ.

ಮಕ್ಕಳ ಓದಿನಲ್ಲೂ ಹೀಗೇ ಇಬ್ಬಂದಿ. ಗ್ರಾಮ ಸಡಕ್ ರಸ್ತೆ ಆದ ಊರುಗಳಲ್ಲಿ ಹಿರಿಯ ಪ್ರಾಥಮಿಕ ಹಂತದ ದಾಖಲಾತಿ ಶೇ 7ರಷ್ಟು ಹೆಚ್ಚಿತು ಅಂತ ಒಂದು ಅಧ್ಯಯನ. ಹದಿನಾಲ್ಕು ದಾಟಿದ ಮಕ್ಕಳು ಶಾಲೆ ಬಿಟ್ಟು ಕೂಲಿಗೆ ಹೋದರು ಅಂತ ಇನ್ನೊಂದು. ಎರಡೂ ನಿಜವಿರಬಹುದು. ಸಣ್ಣವರಿಗೆ ಶಾಲೆ ಹತ್ತಿರವಾಯಿತು, ದೊಡ್ಡವರಿಗೆ ಸಂಬಳ ಹತ್ತಿರವಾಯಿತು.

ಹೆಂಗಸರ ಓಡಾಟದ ಬಗ್ಗೆ ಯಾರೂ ಹೆಚ್ಚು ಲೆಕ್ಕ ಇಡುವುದಿಲ್ಲ. ಹಳ್ಳಿಯ ಓಡಾಟದಲ್ಲಿ ದೊಡ್ಡ ಪಾಲು ಡಾಂಬರಿನ ಮೇಲೆ ನಡೆಯುವುದೇ ಇಲ್ಲ. ನೀರಿಗೆ, ಸೌದೆಗೆ, ಮೇವಿಗೆ, ಹೊಲಕ್ಕೆ, ಎಲ್ಲ ಕಾಲುದಾರಿಯಲ್ಲಿ, ತಲೆಹೊರೆಯಲ್ಲಿ. ಆಫ್ರಿಕಾದ ಹಳ್ಳಿಗಳಲ್ಲಿ ಇದನ್ನು ಗಂಟೆ ಲೆಕ್ಕದಲ್ಲಿ ಅಳೆದಾಗ ಹೊರೆಯಲ್ಲಿ ಹೆಚ್ಚಿನ ಪಾಲು ಹೆಂಗಸರದ್ದೇ ಅಂತ ಕಂಡಿತು. ವಿಶ್ವಸಂಸ್ಥೆಯ ಗುರಿಗಳಲ್ಲಿ ಹಳ್ಳಿ ಸಂಪರ್ಕವನ್ನು ಅಳೆಯುವ ಕೋಲು ಏನು ಗೊತ್ತಾ? ಎಲ್ಲ ಋತುವಿನಲ್ಲೂ ಬಳಸಬಹುದಾದ ರಸ್ತೆಯಿಂದ 2 ಕಿಲೋಮೀಟರ್ ಒಳಗೆ ಎಷ್ಟು ಜನ ಇದ್ದಾರೆ ಅನ್ನುವುದು. ಕೋಲು ತಪ್ಪೇನಲ್ಲ. ಆದರೆ ಆ ರಸ್ತೆಯಲ್ಲಿ ಬಸ್ ಬರುತ್ತದಾ, ಸಂತೆಯ ದಿನ ತರಕಾರಿ ಬುಟ್ಟಿ ಹತ್ತಿಸಿಕೊಳ್ಳುತ್ತದಾ, ಕತ್ತಲಾದ ಮೇಲೆ ವಾಪಸ್ ಬರಲು ಗಾಡಿ ಇದೆಯಾ ಅಂತ ಅದು ಕೇಳುವುದಿಲ್ಲ.

ಈಗ ಹೆದ್ದಾರಿ. ದಯವಿಟ್ಟು ಹಳ್ಳಿ ರಸ್ತೆಯನ್ನೂ ಹೆದ್ದಾರಿಯನ್ನೂ ಒಂದೇ ಅಂತ ಎಣಿಸಬೇಡಿ. ಹಳ್ಳಿ ರಸ್ತೆ ಊರಿಗಾಗಿ ಆಗುತ್ತದೆ. ಹೆದ್ದಾರಿ ಊರಿನ ಮೇಲೆ ಹಾದುಹೋಗುತ್ತದೆ. ಎರಡೂ ಕಡೆ ಬೇಲಿ ಹಾಕಿ, ನಿಗದಿತ ಜಾಗದಲ್ಲಿ ಮಾತ್ರ ಹತ್ತಿಸುವ ಹೆದ್ದಾರಿಯಾದರೆ ನಿಮಗೆ ಅದು ಒಂದು ಗೋಡೆ ಇದ್ದಂತೆ. ಮನೆ ಈ ಕಡೆ, ಹೊಲ ಆ ಕಡೆ. ಮೊದಲು ಇನ್ನೂರು ಹೆಜ್ಜೆ, ಈಗ ಕೆಳಸೇತುವೆ ಹುಡುಕಿಕೊಂಡು ಎರಡು ಕಿಲೋಮೀಟರ್ ಸುತ್ತು. ಆ ಕೆಳಸೇತುವೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಹೋಗುವಷ್ಟು ಎತ್ತರ ಇಲ್ಲದಿದ್ದರೆ ಇನ್ನೂ ದೂರ. ಎತ್ತರಿಸಿದ ಮಣ್ಣಿನ ದಿಬ್ಬ ಮಳೆನೀರಿನ ದಾರಿ ತಡೆದರೆ ಮೇಲಿನ ಹೊಲ ಜೌಗು, ಕೆಳಗಿನ ಕೆರೆ ಖಾಲಿ. ಯೋಜನೆಯ ನಕ್ಷೆ ನೋಡುವಾಗ ರಸ್ತೆಯ ಗೆರೆಯನ್ನಲ್ಲ, ನೀರಿನ ಗೆರೆ ಎಲ್ಲೆಲ್ಲಿ ದಾಟುತ್ತದೆ ಅನ್ನುವುದನ್ನು ನೋಡಿ. ಎಲ್ಲಿ ನೀರು ಹರಿಯುತ್ತದೆ ಅಂತ ಊರಿನ ಹಿರಿಯರಿಗೆ ಗೊತ್ತಿರುವಷ್ಟು ಸರ್ವೆಯವರಿಗೆ ಗೊತ್ತಿರುವುದಿಲ್ಲ.

ಪರಿಹಾರದ ಮಾತೂ ಬರುತ್ತದೆ. ಭಾರತದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಗ್ರಾಮೀಣ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಸಿಗುವ ಅವಕಾಶ ಇದೆ. ಕೇಳಲು ಚೆನ್ನಾಗಿದೆ. ಆದರೆ ಆ ಮಾರುಕಟ್ಟೆ ಬೆಲೆಯನ್ನು ಲೆಕ್ಕ ಹಾಕುವುದು ನೋಂದಣಿಯಾದ ಕ್ರಯಪತ್ರ ಮತ್ತು ಸರ್ಕಾರಿ ದರದಿಂದ. ಮುದ್ರಾಂಕ ಶುಲ್ಕ ಉಳಿಸಲು ವರ್ಷಗಟ್ಟಲೆ ಕಡಿಮೆ ಬರೆಸಿಕೊಂಡು ಬಂದ ಊರಿನಲ್ಲಿ ಆ ಸಣ್ಣ ಸಂಖ್ಯೆಯೇ ತಿರುಗಿ ಬಂದು ಕಚ್ಚುತ್ತದೆ. ಗೇಣಿಗೆ ಮಾಡುವವರು, ಅದೇ ಜಮೀನಿನಲ್ಲಿ ಮೂರು ವರ್ಷದಿಂದ ಕೂಲಿ ಮಾಡುವವರು ಕೂಡ ಬಾಧಿತರು ಅಂತ ಕಾಯ್ದೆ ಹೇಳುತ್ತದೆ. ಕಾಗದದಲ್ಲಿ ಹೆಸರಿಲ್ಲದ ಕಾರಣ ಅವರೇ ಮೊದಲು ಬಿಟ್ಟುಹೋಗುವುದು.

ಆರು ವರ್ಷ ಆಯಿತು ಅಂದಿರಿ. ಹಾಗಾದರೆ ನಿಮ್ಮ ರಸ್ತೆಯ ಬಗ್ಗೆ ನನಗೆ ಇನ್ನೊಂದು ಅನುಮಾನ. ಗ್ರಾಮ ಸಡಕ್ ರಸ್ತೆಯನ್ನು ಮೊದಲ ಐದು ವರ್ಷ ನೋಡಿಕೊಳ್ಳುವುದು ಕಟ್ಟಿದ ಗುತ್ತಿಗೆದಾರನ ಹೊಣೆ. ಆಮೇಲೆ ಯಾರು? ಅಲ್ಲಿಂದಲೇ ಗುಂಡಿಗಳ ಕಾಲ ಶುರು. ಅಮೆರಿಕದಲ್ಲಿ 1958ರಿಂದ 60ರವರೆಗೆ ಒಂದು ದೊಡ್ಡ ಪರೀಕ್ಷೆ ಮಾಡಿದ್ದರು. ಗಾಡಿಯ ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಅಂತ ಅದರಿಂದ ತಿಳಿಯಿತು. ಅಂದರೆ ಮಿತಿ ಮೀರಿ ತುಂಬಿದ ಒಂದು ಮರಳು ಲಾರಿ ನಿಮ್ಮ ಊರಿನ ಎಷ್ಟೋ ತರಕಾರಿ ಟೆಂಪೋಗಳ ಪಾಲನ್ನು ಒಂದೇ ಟ್ರಿಪ್ಪಿನಲ್ಲಿ ತಿಂದುಹಾಕುತ್ತದೆ. ಇನ್ನೊಂದು ಶತ್ರು ನೀರು. ಚರಂಡಿ ಕಟ್ಟಿಕೊಂಡು ಜಲ್ಲಿ ಪದರದೊಳಗೆ ನೀರು ಇಳಿದರೆ ಮೇಲಿನ ಡಾಂಬರು ಎಷ್ಟೇ ದಪ್ಪವಿದ್ದರೂ ಮೊಸಳೆ ಚರ್ಮದ ಹಾಗೆ ಬಿರುಕು ಬಿಡುತ್ತದೆ.

ಏನು ಕೇಳಬೇಕು ಅಂದಿರಲ್ಲ. ನಾನಾಗಿದ್ದರೆ ಇನ್ನಷ್ಟು ಅಗಲದ ರಸ್ತೆ ಕೇಳುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳೆತ್ತಿಸಿ ಅನ್ನುತ್ತಿದ್ದೆ, ಹಳ್ಳದ ತಗ್ಗಿಗೆ ಮೋರಿ ಕೇಳುತ್ತಿದ್ದೆ. ಹೊಲದಿಂದ ಡಾಂಬರಿನವರೆಗಿನ ಆ ಮುನ್ನೂರು ಮೀಟರ್ ಕೆಸರು ದಾರಿಗೆ ಗಟ್ಟಿ ಗ್ರಾವೆಲ್ ಹಾಕಿಸಿಕೊಳ್ಳಿ. ಮಾಲು ಹೆಚ್ಚು ಹಾಳಾಗುವುದೂ, ತಲೆಹೊರೆಯ ಕೂಲಿ ಹೆಚ್ಚು ಹೋಗುವುದೂ ಅಲ್ಲೇ. ಹೆದ್ದಾರಿಯವರ ಬಳಿ ಕೆಳಸೇತುವೆ ಎಲ್ಲಿ, ಎಷ್ಟು ಎತ್ತರ ಅನ್ನುವುದನ್ನು ಈಗಲೇ ಬರವಣಿಗೆಯಲ್ಲಿ ಕೇಳಿ. ಕಾಂಕ್ರೀಟು ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಬೆಲೆಯ ಮಟ್ಟಿಗೆ ಮಾತ್ರ ರಸ್ತೆಯವರನ್ನು ಕೇಳಿದರೆ ಆಗದು. ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಗಾಡಿ ತುಂಬುವಷ್ಟು ಮಾಲನ್ನು ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ. ಊರಲ್ಲೇ ತೂಕ ಮಾಡಿ ಬರೆದಿಟ್ಟುಕೊಂಡು ಒಮ್ಮೆ ನೀವೇ ಪೇಟೆಗೆ ಹೋಗಿ ಬನ್ನಿ. ಒಂದೇ ಸಲಕ್ಕೆ ದೊಡ್ಡ ಲಾಭ ಆಗದೇ ಇರಬಹುದು, ಬಾಡಿಗೆ, ಹಮಾಲಿ, ಕಮಿಷನ್ ಕಳೆದರೆ ಸಮಸಮ ಆಗಲೂಬಹುದು. ಆದರೆ ಮುಂದಿನ ವಾರ ವ್ಯಾಪಾರಿ ಬಂದು ಚೀಲದ ಬುಡಕ್ಕೆ ಕೈ ಹಾಕುವಾಗ, ಇವರಿಗೆ ಪೇಟೆಯ ದಾರಿ ಗೊತ್ತು ಅನ್ನುವುದು ಅವನ ಮನಸ್ಸಿನಲ್ಲಿರುತ್ತದೆ.